ಫೋನಿನಲ್ಲಿ ಓದುವವರ ಪರವಾಗಿ

ಪುಸ್ತಕಪ್ರಿಯರ ವಲಯದಲ್ಲಿ ಒಂದು ತೀರ್ಪು ಬಂದು ಎಷ್ಟೋ ಕಾಲವಾಯಿತು. ಕಾಗದದ ಪುಸ್ತಕ ಬಿಟ್ಟು ಡಿಜಿಟಲ್ ಓದಿಗೆ ಹೋಗುವವರು ಕಿಂಡಲ್‌ನಂಥ ಇ-ಇಂಕ್ ರೀಡರ್ ಕೊಳ್ಳಬೇಕು, ಫೋನು ಮತ್ತು ಟ್ಯಾಬ್ ಓದುವ ಸಾಧನಗಳೇ ಅಲ್ಲ. ಫೋನಿನಲ್ಲಿ ಓದಿದರೆ ಕಣ್ಣು ಕೆಡುತ್ತದೆ, ನಿದ್ದೆ ಕೆಡುತ್ತದೆ, ಮನಸ್ಸು ನಿಲ್ಲುವುದಿಲ್ಲ. ಇ-ಇಂಕ್ ಆದರೆ ಕಾಗದವೇ ಸರಿ. ಇದನ್ನು ಹೇಳುವವರು ಒಳ್ಳೆಯ ಓದುಗರು, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಈ ಸಲಹೆಯಲ್ಲಿ ವಿಜ್ಞಾನದ ಪಾಲು ಅರ್ಧ, ಉಳಿದರ್ಧ ನಂಬಿಕೆ. ಅದಕ್ಕಿಂತ ಮುಖ್ಯವಾಗಿ, ಇಂಗ್ಲಿಷ್ ಓದುಗನಿಗೆಂದು ರೂಪುಗೊಂಡ ಸಲಹೆಯಿದು. ಕನ್ನಡ ಓದುವವರು ಇದನ್ನು ಹಾಗೇ ಒಪ್ಪಿಕೊಂಡರೆ ಹತ್ತು ಸಾವಿರ ರೂಪಾಯಿ ಮೀರಿದ ಸಾಧನ ಕೈಯಲ್ಲಿರುತ್ತದೆ, ಓದಬೇಕೆಂದಿದ್ದ ಕನ್ನಡ ಪುಸ್ತಕ ಅದರಲ್ಲಿ ಇರುವುದಿಲ್ಲ.

ಮೊದಲು ಇ-ಇಂಕ್‌ಗೆ ಸಲ್ಲಬೇಕಾದ ಗೌರವ ಸಲ್ಲಿಸೋಣ. ಅದೊಂದು ಅಸಾಧಾರಣ ಆವಿಷ್ಕಾರ. ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬ್‌ನಲ್ಲಿ ಜೋಸೆಫ್ ಜೇಕಬ್ಸನ್ ಮತ್ತು ಅವರ ವಿದ್ಯಾರ್ಥಿಗಳು ನಡೆಸಿದ ಕೆಲಸದಿಂದ ಹುಟ್ಟಿ, 1997ರಲ್ಲಿ ಕಂಪನಿಯ ರೂಪ ಪಡೆಯಿತು. ಪರದೆಯೊಳಗೆ ಕೂದಲಿನ ದಪ್ಪದಷ್ಟೇ ಇರುವ ಲಕ್ಷಾಂತರ ಕೋಶಗಳಿವೆ. ಪ್ರತಿ ಕೋಶದ ದ್ರವದಲ್ಲಿ ಬಿಳಿ ಕಣಗಳೂ ಕಪ್ಪು ಕಣಗಳೂ ವಿರುದ್ಧ ವಿದ್ಯುದಂಶ ಹೊತ್ತು ತೇಲುತ್ತವೆ. ವಿದ್ಯುತ್ ಹಾಯಿಸಿದಾಗ ಒಂದು ಬಣ್ಣ ಮೇಲೆ ಬರುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ. ಆಮೇಲೆ ವಿದ್ಯುತ್ ನಿಲ್ಲಿಸಿದರೂ ಅಕ್ಷರ ಹಾಗೇ ಉಳಿಯುತ್ತದೆ. ಅಕ್ಷರ ಮೂಡಿಸಲು ಪುಟ ಬದಲಿಸುವಾಗ ಮಾತ್ರ ವಿದ್ಯುತ್ ಬೇಕಾಗುವುದರಿಂದ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಹೊರಗಿನ ಬೆಳಕನ್ನು ಪ್ರತಿಫಲಿಸುವ ಪರದೆಯಾದ್ದರಿಂದ ನಡುಮಧ್ಯಾಹ್ನದ ಬಿಸಿಲಿನಲ್ಲೂ ಅಕ್ಷರ ಸ್ಪಷ್ಟ. ಸೋನಿಯ ಲಿಬ್ರಿಯೆ 2004ರಲ್ಲಿ ಜಪಾನಿನಲ್ಲಿ ಬಂತು, ಅಮೆಜಾನ್‌ನ ಕಿಂಡಲ್ 2007ರಲ್ಲಿ. ಬಿಸಿಲು, ತೂಕ, ಬ್ಯಾಟರಿ ಈ ಮೂರರಲ್ಲಿ ಇ-ಇಂಕ್ ಗೆದ್ದಿದೆ, ಅದರಲ್ಲಿ ಚರ್ಚೆಯಿಲ್ಲ. ಚರ್ಚೆಯಿರುವುದು ಇದರ ಮೇಲೆ ಕಟ್ಟಿರುವ ದೊಡ್ಡ ದೊಡ್ಡ ಮಾತುಗಳ ಬಗ್ಗೆ.

ಕಣ್ಣಿನ ಮಾತು ತೆಗೆದುಕೊಳ್ಳಿ. ಸ್ವಿಟ್ಜರ್ಲೆಂಡಿನ ಇವಾ ಸೀಗೆಂಥಾಲರ್ ಮತ್ತು ಸಂಗಡಿಗರು ಇ-ಇಂಕ್ ಪರದೆಯನ್ನೂ ಫೋನು, ಟ್ಯಾಬುಗಳಲ್ಲಿರುವಂಥ ಎಲ್‌ಸಿಡಿ ಪರದೆಯನ್ನೂ ದೀರ್ಘ ಓದಿಗೆ ಹಚ್ಚಿ ಹೋಲಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡರಲ್ಲೂ ಕಣ್ಣಿನ ದಣಿವು ಹೆಚ್ಚುಕಡಿಮೆ ಒಂದೇ. ತಂತ್ರಜ್ಞಾನ ಯಾವುದೆನ್ನುವುದಕ್ಕಿಂತ ಅಕ್ಷರ ಎಷ್ಟು ಚೊಕ್ಕಟವಾಗಿ ಮೂಡುತ್ತದೆ ಎನ್ನುವುದೇ ಮುಖ್ಯ ಎಂದರು. ಮರುವರ್ಷ ಸಿಮೋನೆ ಬೆನೆಡೆಟ್ಟೊ ಮತ್ತು ಸಂಗಡಿಗರ ಅಧ್ಯಯನ ಬೇರೆಯದನ್ನೇ ಹೇಳಿತು: ಎಲ್‌ಸಿಡಿಯಲ್ಲಿ ಓದಿದವರ ಕಣ್ಣು ಹೆಚ್ಚು ದಣಿಯಿತು, ಇ-ಇಂಕ್ ಮತ್ತು ಕಾಗದದಲ್ಲಿ ಕಡಿಮೆ. ಈ ಎರಡನೆಯದರಲ್ಲಿ ಓದಿದವರು 12 ಜನ. ಇಷ್ಟು ಚಿಕ್ಕ, ಒಂದಕ್ಕೊಂದು ಹೊಂದದ ಅಧ್ಯಯನಗಳ ಮೇಲೆ ‘ಫೋನು ಕಣ್ಣು ಕೆಡಿಸುತ್ತದೆ’ ಎಂಬ ಖಚಿತ ತೀರ್ಪು ನಿಲ್ಲಲಾರದು. ಪರದೆ ನೋಡುತ್ತ ಕೂತವರ ಕಣ್ಣು ಉರಿಯುವುದಕ್ಕೆ ದೊಡ್ಡ ಕಾರಣ ರೆಪ್ಪೆ ಬಡಿಯುವುದು ಕಡಿಮೆಯಾಗುವುದು, ಫೋನನ್ನು ಮುಖಕ್ಕೆ ತೀರ ಹತ್ತಿರ ಹಿಡಿಯುವುದು, ಕೋಣೆಯ ಬೆಳಕಿಗೆ ಹೊಂದದ ಹೊಳಪು. ಮೂರಕ್ಕೂ ಪರಿಹಾರ ಓದುವವರ ಕೈಯಲ್ಲೇ ಇದೆ: ಅಕ್ಷರ ದೊಡ್ಡದು ಮಾಡಿ, ಫೋನನ್ನು ಒಂದು ಮೊಳ ದೂರ ಹಿಡಿದು, ಹೊಳಪು ಇಳಿಸಿ, ನಡುನಡುವೆ ದೂರದತ್ತ ನೋಡಬೇಕು.

ನೀಲಿ ಬೆಳಕಿನ ಭಯ ಇನ್ನೂ ದುರ್ಬಲ. ಪರದೆಯಿಂದ ಬರುವ ನೀಲಿ ಬೆಳಕು ಕಣ್ಣಿಗೆ ಹಾನಿ ಮಾಡುತ್ತದೆ ಎನ್ನಲು ಪುರಾವೆಯಿಲ್ಲ ಎಂಬುದು ಅಮೆರಿಕದ ನೇತ್ರತಜ್ಞರ ಅಕಾಡೆಮಿಯ ನಿಲುವು. ನೀಲಿ ತಡೆಯುವ ಕನ್ನಡಕದಿಂದ ಕಣ್ಣಿನ ದಣಿವು ಅಲ್ಪಾವಧಿಯಲ್ಲಿ ತಗ್ಗುವಂತೆ ಕಾಣುವುದಿಲ್ಲವೆಂದು 2023ರ ಕೊಕ್ರೇನ್ ಸಮೀಕ್ಷೆಯೂ ಹೇಳಿತು.

ನಿದ್ದೆಯ ವಿಷಯದಲ್ಲಿ ಎಲ್ಲರೂ ಬೊಟ್ಟು ಮಾಡುವ ಅಧ್ಯಯನ 2014ರ ಕೊನೆಯಲ್ಲಿ ಹಾರ್ವರ್ಡ್‌ನ ತಂಡ ಪ್ರಕಟಿಸಿದ್ದು. ಮಲಗುವ ಮುಂಚೆ ನಾಲ್ಕು ಗಂಟೆ ಐಪ್ಯಾಡ್‌ನಲ್ಲಿ ಓದಿದವರಿಗೆ, ಮಂದ ಬೆಳಕಿನಲ್ಲಿ ಅಚ್ಚಿನ ಪುಸ್ತಕ ಓದಿದಾಗಿನದಕ್ಕಿಂತ ನಿದ್ದೆ ಹತ್ತಲು ಸುಮಾರು 10 ನಿಮಿಷ ಹೆಚ್ಚು ಹಿಡಿಯಿತು, ನಿದ್ದೆಯ ಹಾರ್ಮೋನು ಮೆಲಟೊನಿನ್ ತಡವಾಗಿ ಏರಿತು. ಅಲ್ಲೂ 12 ಜನ. ಐಪ್ಯಾಡನ್ನು ಇಟ್ಟದ್ದು ಪೂರ್ಣ ಹೊಳಪಿನಲ್ಲಿ. ದಿನದ ಕೆಲಸ ಮುಗಿಸಿ ಅರ್ಧ ಗಂಟೆ, ಪರದೆ ಮಂದ ಮಾಡಿಕೊಂಡು ಓದುವವರಿಗೆ ಇದನ್ನು ನೇರವಾಗಿ ಅನ್ವಯಿಸಲು ಬರುವುದಿಲ್ಲ. ಇನ್ನೊಂದು ಸಂಗತಿಯನ್ನು ಇ-ಇಂಕ್ ಪಕ್ಷಪಾತಿಗಳು ಹೇಳುವುದೇ ಇಲ್ಲ. 2012ರ ಪೇಪರ್‌ವೈಟ್‌ನಿಂದೀಚೆಗೆ ಕಿಂಡಲ್‌ಗಳಿಗೂ ಎಲ್‌ಇಡಿ ದೀಪ ಬಂದಿದೆ. ಆ ಬೆಳಕು ಪರದೆಯ ಮೇಲೆ ಬಿದ್ದು ನಮ್ಮ ಕಣ್ಣಿಗೇ ತಿರುಗುತ್ತದೆ. ರಾತ್ರಿ ಕತ್ತಲ ಕೋಣೆಯಲ್ಲಿ ದೀಪ ಹಚ್ಚಿದ ಇ-ರೀಡರ್ ಹಿಡಿದವರೂ ಬೆಳಕನ್ನೇ ನೋಡುತ್ತಿರುತ್ತಾರೆ.

‘ಇ-ಇಂಕ್ ಅಂದರೆ ಕಾಗದವೇ’ ಎಂಬುದೂ ಪೂರ್ತಿ ನಿಜವಲ್ಲ. ನಾರ್ವೆಯ ಆ್ಯನ್ ಮಾಂಗೆನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 50 ವಿದ್ಯಾರ್ಥಿಗಳು 28 ಪುಟಗಳ ಒಂದು ಕತೆ ಓದಿದರು, ಅರ್ಧದಷ್ಟು ಜನ ಅಚ್ಚಿನಲ್ಲಿ, ಉಳಿದವರು ಕಿಂಡಲ್‌ನಲ್ಲಿ. ಬಹುತೇಕ ಪ್ರಶ್ನೆಗಳಲ್ಲಿ ಎರಡು ಗುಂಪೂ ಸಮ. ಆದರೆ ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂಬುದನ್ನು ಹೆಚ್ಚು ಸರಿಯಾಗಿ ಜೋಡಿಸಿದವರು ಅಚ್ಚಿನಲ್ಲಿ ಓದಿದವರು. ಓದಿದ ಪುಟಗಳು ಎಡಗೈಯಲ್ಲಿ ದಪ್ಪವಾಗುತ್ತ, ಉಳಿದ ಪುಟಗಳು ಬಲಗೈಯಲ್ಲಿ ತೆಳುವಾಗುತ್ತ ಹೋಗುವ ಅನುಭವದಿಂದ ಕತೆಯ ಕಾಲ ನಮಗೆ ತಿಳಿಯುತ್ತಿರಬಹುದು ಎಂಬುದು ಅವರ ಊಹೆ. ಇನ್ನು 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಸಮೀಕ್ಷೆಯೊಂದು, ಮಾಹಿತಿ ತುಂಬಿದ ಬರಹಗಳಲ್ಲಿ ಕಾಗದವೇ ಮೇಲೆಂದೂ ಗಡುವಿನೊಳಗೆ ಓದುವಾಗ ಅಂತರ ಹೆಚ್ಚುತ್ತದೆಂದೂ ಕಂಡಿತು. ಬರೀ ಕತೆಗಳಲ್ಲಿ ಆ ಅಂತರ ಕಾಣಲಿಲ್ಲ. ಅಂದರೆ ಗೆರೆ ಎಳೆಯುವುದಾದರೆ ಅಚ್ಚು ಒಂದು ಕಡೆ, ಪರದೆಗಳು ಇನ್ನೊಂದು ಕಡೆ. ಪರೀಕ್ಷೆಗೆ ಓದುವ ಮಕ್ಕಳಿಗೆ ಅಚ್ಚಿನ ಪುಸ್ತಕವನ್ನೇ ಕೊಡಿಸಬೇಕು. ಕಾದಂಬರಿ ಓದುವವರು ಪರದೆಗಳಲ್ಲಿ ಮೇಲು ಕೀಳು ಮಾಡಿಕೊಂಡು ಕೂರಬೇಕಿಲ್ಲ.

ಈಗ ಕನ್ನಡಕ್ಕೆ ಬರೋಣ, ವಾದದ ನಿಜವಾದ ತೂಕ ಇರುವುದು ಇಲ್ಲಿ.

ಭಾರತಕ್ಕೆಂದೇ ಕಿಂಡಲ್ ಅಂಗಡಿ ತೆರೆದದ್ದು 2012ರಲ್ಲಿ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಇ-ಪುಸ್ತಕಗಳನ್ನು ತೆರೆಯಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆ ಐದರಲ್ಲಿ ಕನ್ನಡ ಇರಲಿಲ್ಲ. ತಮಿಳು ಓದುಗನಿಗೂ ಮಲಯಾಳಂ ಓದುಗನಿಗೂ ಇ-ಇಂಕ್ ಬಾಗಿಲು ತೆರೆಯಿತು, ಅವರ ಲೇಖಕರು ತಮ್ಮ ಪುಸ್ತಕಗಳನ್ನು ತಾವೇ ಅಲ್ಲಿ ಪ್ರಕಟಿಸತೊಡಗಿದರು. ಕನ್ನಡದವರು ಹೊರಗೆ ನಿಂತರು. ಆ ವರ್ಷಗಳಲ್ಲಿ ಕನ್ನಡ ಓದುಗರಿಗೆ ಬಾಗಿಲು ತೆರೆದದ್ದು ಫೋನು. ಮೈಲ್ಯಾಂಗ್‌ನಂಥ ಆ್ಯಪ್‌ಗಳು ಕನ್ನಡದ ಇ-ಪುಸ್ತಕ, ಆಡಿಯೊ ಪುಸ್ತಕಗಳನ್ನು ಫೋನಿಗೆ ತಂದವು. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕ ಸಿಕ್ಕಿತು. ಪ್ರತಿಲಿಪಿ ಎಂಬ ಆ್ಯಪ್‌ನಲ್ಲಿ ಸಾವಿರಾರು ಹೊಸಬರು ಕನ್ನಡದಲ್ಲಿ ಕತೆ, ಧಾರಾವಾಹಿ ಬರೆಯತೊಡಗಿದರು. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಆರಂಭವಾಯಿತು, ಅದೂ ಫೋನಿನ ಆ್ಯಪ್ ಆಗಿ ಜನರ ಕೈಗೆ ಬಂತು. ವಚನ ಸಂಚಯ ಎಂಬ ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಬಹುದು, ಅದು ತೆರೆದುಕೊಳ್ಳುವುದು ಬ್ರೌಸರಿನಲ್ಲಿ. ಕನ್ನಡದ ಡಿಜಿಟಲ್ ಓದು ಬೆಳೆದದ್ದೆಲ್ಲ ಈ ಹೊಳೆಯುವ ಗಾಜಿನ ಮೇಲೆ. ‘ಗಂಭೀರ ಓದುಗರು ಇ-ಇಂಕ್‌ನಲ್ಲಿ ಓದುತ್ತಾರೆ’ ಎಂದು ಕನ್ನಡದಲ್ಲಿ ನಿಂತು ಹೇಳುವವರು, ತಮಗೆ ತಿಳಿಯದೆಯೇ, ‘ಗಂಭೀರ ಓದುಗರು ಇಂಗ್ಲಿಷ್ ಓದುತ್ತಾರೆ’ ಎಂದು ಹೇಳುತ್ತಿದ್ದಾರೆ.

ಅಂಗಡಿಯಲ್ಲಿ ಇಲ್ಲದಿದ್ದರೇನು, ಕನ್ನಡ ಫೈಲನ್ನು ನಾವೇ ರೀಡರ್‌ಗೆ ಹಾಕಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಹಾಕಿಕೊಳ್ಳಬಹುದು, ಆದರೆ ಎರಡು ಅಡ್ಡಿಗಳಿವೆ. ಮೊದಲನೆಯದು ಲಿಪಿಯದು. ಕನ್ನಡದ ಅಕ್ಷರಗಳು ಸಾಲಾಗಿ ಕೂತರೆ ಸಾಲದು. ಒತ್ತಕ್ಷರ ಕೆಳಗಿಳಿಯಬೇಕು, ಗುಣಿತ ಮೈಗೆ ಹತ್ತಬೇಕು, ಅರ್ಕಾವೊತ್ತು ಹಿಂದಕ್ಕೆ ಹೋಗಿ ಕೂರಬೇಕು. ಈ ಜೋಡಣೆಯನ್ನು ಸಾಧನದೊಳಗಿನ ತಂತ್ರಾಂಶ ಕಲಿತಿರಬೇಕು. ಕಲಿಯದಿದ್ದರೆ ‘ಸಂಸ್ಕಾರ’ದ ಒತ್ತು ಕಳಚಿ ಪಕ್ಕಕ್ಕೆ ಬೀಳುತ್ತದೆ, ಪುಟವೆಲ್ಲ ಮುರಿದ ಅಕ್ಷರ. ಫೋನುಗಳು ಇದನ್ನು ಎಂದೋ ಕಲಿತವು, ಯಾಕೆಂದರೆ ಕೋಟ್ಯಂತರ ಕನ್ನಡಿಗರು ಅವುಗಳಲ್ಲಿ ಸಂದೇಶ ಕಳಿಸುತ್ತಾರೆ. ಕನ್ನಡಿಗರಿಗೆಂದು ಮಾರಾಟವಾಗದ ರೀಡರ್‌ಗೆ ಕಲಿಯುವ ಒತ್ತಾಯವಿಲ್ಲ. ಆದ್ದರಿಂದ ದುಡ್ಡು ಕೊಡುವ ಮುಂಚೆ ಅದರಲ್ಲಿ ಒಂದು ಪುಟ ಕನ್ನಡ ತೆರೆಸಿ ನೋಡಲೇಬೇಕು.

ಎರಡನೆಯದು ಪುಸ್ತಕದ ರೂಪ. ಹಳೆಯ ಕನ್ನಡ ಪುಸ್ತಕಗಳು ಅಂತರ್ಜಾಲದಲ್ಲಿ ಕಡಿಮೆಯೇನಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಗ್ರಂಥಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿವೆ, ಬೆಂಗಳೂರಿನಲ್ಲೇ ಕೂತು ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಬಳಗ ಸ್ಕ್ಯಾನ್ ಮಾಡಿದ ಪುಸ್ತಕಗಳಿವೆ. ಆದರೆ ಇವೆಲ್ಲ ಪುಟದ ಚಿತ್ರಗಳು, ಅಕ್ಷರವನ್ನು ಬೇಕಾದಂತೆ ಹಿಗ್ಗಿಸಲು ಬರುವುದಿಲ್ಲ. ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. ನಮ್ಮ ಡೆಮಿ 1/8 ಆಕಾರದ ಪುಸ್ತಕದ ಪುಟ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ. 6 ಇಂಚಿನ ಇ-ರೀಡರ್ ಪರದೆ ಸುಮಾರು 3.6 ಇಂಚು ಅಗಲ, 4.8 ಇಂಚು ಎತ್ತರ. ಇಡೀ ಪುಟ ಅದರಲ್ಲಿ ಹಿಡಿಯಬೇಕಾದರೆ 12 ಪಾಯಿಂಟಿನ ಅಕ್ಷರ 7 ಪಾಯಿಂಟಿಗೂ ಕೆಳಗೆ ಕುಗ್ಗುತ್ತದೆ. ಒತ್ತಕ್ಷರಗಳಂತೂ ಚುಕ್ಕಿಗಳಾಗುತ್ತವೆ. ಹಿಗ್ಗಿಸಿ ಸರಿಸುತ್ತ ಓದೋಣವೆಂದರೆ ಇ-ಇಂಕ್ ಪರದೆ ನಿಧಾನ, ಪ್ರತಿ ಸಲವೂ ಮಿನುಗಿ ಹೊಸದಾಗಿ ಬರೆದುಕೊಳ್ಳಬೇಕು.

ಅದೇ ಪುಟವನ್ನು 10 ಇಂಚಿನ ಟ್ಯಾಬಿನಲ್ಲಿ ತೆರೆಯಿರಿ. ಸಾಮಾನ್ಯ ಉದ್ದನೆಯ ಆಕಾರದ ಟ್ಯಾಬಿನ ಪರದೆ ಸುಮಾರು 5.4 ಇಂಚು ಅಗಲ, 8.5 ಇಂಚು ಎತ್ತರ. ಹೆಚ್ಚುಕಡಿಮೆ ಡೆಮಿ ಪುಟದ ಅಳತೆಯೇ! ಮುದ್ರಕರು ಅಚ್ಚು ಹಾಕಿದ ಗಾತ್ರದಲ್ಲೇ ಪುಟ ಕಣ್ಣ ಮುಂದೆ ಬರುತ್ತದೆ. ಫೋನಿನಲ್ಲೂ ದಾರಿಯಿದೆ. 6.5 ಇಂಚಿನ ಫೋನನ್ನು ಅಡ್ಡ ಹಿಡಿದರೆ ಅಗಲ 6 ಇಂಚಿನ ಹತ್ತಿರ, ಡೆಮಿ ಪುಟದ ಅಗಲಕ್ಕಿಂತ ಹೆಚ್ಚು. ಪುಟದ ಮೂರನೇ ಒಂದು ಭಾಗದಷ್ಟೇ ಒಮ್ಮೆಗೆ ಕಾಣುತ್ತದೆ, ಆದರೆ ಅಕ್ಷರ ಪೂರ್ಣ ಗಾತ್ರದ್ದು, ಬೆರಳಿನಿಂದ ಮೇಲೆ ಸರಿಸುತ್ತ ಹೋಗಬಹುದು. ಹಳೆಯ ಕನ್ನಡ ಸಾಹಿತ್ಯ ಓದುವ ವಿದ್ಯಾರ್ಥಿ, ಸಂಶೋಧಕ, ನಿವೃತ್ತ ಮೇಷ್ಟ್ರು ‘ಏನು ಕೊಳ್ಳಲಿ’ ಎಂದು ಕೇಳಿದರೆ ನನ್ನ ಉತ್ತರ ಖಚಿತ: ಟ್ಯಾಬ್. ಅವರಿಗೆ 6 ಇಂಚಿನ ಇ-ರೀಡರ್ ಕೊಡಿಸುವುದು ಅನ್ಯಾಯ.

ಎದುರು ಪಕ್ಷದ ಅತಿ ಬಲವಾದ ವಾದ ಏಕಾಗ್ರತೆಯದು. ಫೋನು ನಮ್ಮನ್ನು ಓದಲು ಬಿಡುವುದಿಲ್ಲ, ಎರಡು ಪುಟಕ್ಕೊಮ್ಮೆ ಮೆಸೇಜು, ರೀಲು, ಸುದ್ದಿ. ಇದು ನಿಜ. ಆ ಆ್ಯಪ್‌ಗಳ ಆದಾಯವೇ ನಮ್ಮ ಗಮನ ಕದಿಯುವುದರಲ್ಲಿದೆ. ಆದರೂ ಕನ್ನಡ ಪುಸ್ತಕವಿರುವ ಜಾಗ ಬಿಟ್ಟು ಇಲ್ಲದ ಜಾಗಕ್ಕೆ ಹೋಗುವುದು ಇದಕ್ಕೆ ಪರಿಹಾರವಾಗಲಾರದು. ಓದುವ ಆ್ಯಪ್‌ಗಳಲ್ಲಿ ಪುಸ್ತಕ ಇಳಿಸಿಕೊಂಡರೆ ನೆಟ್ ಬೇಕಿಲ್ಲ. ಏರೋಪ್ಲೇನ್ ಮೋಡ್ ಹಾಕಿದ ಫೋನು ಅಲ್ಲಾಡದೆ ಕೂರುತ್ತದೆ. ಮನೆಯಲ್ಲಿ ಮೂಲೆ ಸೇರಿದ ಹಳೆಯ ಫೋನಿನಿಂದ ಸಿಮ್ ತೆಗೆದು, ಓದುವ ಆ್ಯಪ್ ಒಂದನ್ನೇ ಉಳಿಸಿದರೆ ದುಡ್ಡಿಲ್ಲದೆ ಒಂದು ಇ-ರೀಡರ್ ಸಿಕ್ಕಂತೆ. ಹೀಗೆ ಮಾಡಲು ಸಂಕಲ್ಪ ಬೇಕು, ನಿಜ. ಹೊಸ ಸಾಧನ ಕೊಂಡವರಿಗೂ ಅದೇ ಸಂಕಲ್ಪ ಬೇಕು. ಇ-ರೀಡರ್ ಹಿಡಿದು ಕೂತವರ ಜೇಬಿನಲ್ಲೂ ಫೋನು ಇದ್ದೇ ಇರುತ್ತದೆ.

ಬಿಡಿಬಿಡಿಯಾಗಿ, ಗದ್ದಲದ ನಡುವೆ ಓದುವುದು ಓದೇ ಅಲ್ಲ ಎನ್ನುವವರು ಕನ್ನಡ ಓದಿನ ಚರಿತ್ರೆಯನ್ನು ನೆನಪಿಸಿಕೊಳ್ಳಬೇಕು. ಕನ್ನಡ ಕಾದಂಬರಿಗೆ ಮನೆಮನೆಯಲ್ಲಿ ಓದುಗರನ್ನು ಕಟ್ಟಿಕೊಟ್ಟವು ವಾರಪತ್ರಿಕೆಗಳು ಮತ್ತು ಸರ್ಕ್ಯುಲೇಟಿಂಗ್ ಲೈಬ್ರರಿಗಳು. 1965ರಲ್ಲಿ ಶುರುವಾದ ‘ಸುಧಾ’ದಂಥ ವಾರಪತ್ರಿಕೆಗಳಲ್ಲಿ ಧಾರಾವಾಹಿ ಒಂದು ವಾರಕ್ಕೆ ಕೆಲವೇ ಪುಟ. ಅಡುಗೆಯ ನಡುವೆ, ಬಸ್ಸಿಗೆ ಕಾಯುತ್ತ, ಮಕ್ಕಳು ಮಲಗಿದ ಮೇಲೆ ಓದಿದ ಹೆಂಗಸರು ಕನ್ನಡದ ಎರಡು ತಲೆಮಾರಿನ ಕಾದಂಬರಿಕಾರರನ್ನು ಸಾಕಿದರು. ಅಗ್ಗದ ಕಾಗದ, ಜಾಹೀರಾತುಗಳ ನಡುವೆ ಸಣ್ಣ ಅಕ್ಷರ, ಮುಂದಿನ ವಾರದವರೆಗೆ ಕಾಯುವ ತಾಳ್ಮೆ. ಆ ಓದನ್ನೂ ಪಂಡಿತರು ಆಗ ಹಗುರವಾಗಿ ಕಂಡವರೇ. ಇಂದು ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಿಎಂಟಿಸಿ ಬಸ್ಸಿನಲ್ಲಿ ನಿಂತು, ಬೆರಳಿನಿಂದ ಪುಟ ಸರಿಸುತ್ತ ಧಾರಾವಾಹಿ ಓದುವ ಹೆಣ್ಣುಮಗಳು ಆ ಪರಂಪರೆಯವಳು. ಓದಲೆಂದೇ ಇನ್ನೊಂದು ಸಾಧನ ಕೊಳ್ಳುವ ದುಡ್ಡು ಅವಳಲ್ಲಿಲ್ಲ, ಅದನ್ನು ಚೀಲದಲ್ಲಿ ಕಾಪಾಡಿಕೊಂಡು ಓಡಾಡುವ ಪುರುಸೊತ್ತೂ ಇಲ್ಲ. ಅವಳ ಓದನ್ನು ಕೀಳುಗಳೆಯುವ ಸಲಹೆ ಕನ್ನಡದ ಓದುಗರ ಸಂಖ್ಯೆಯನ್ನು ಕಡಿಮೆ ಮಾಡುತ್ತದೆ. ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇರುವ ಕನ್ನಡಿಗನ ಪಾಡೂ ಇದೇ. ಅವನ ಊರಿನಲ್ಲಿ ಕನ್ನಡ ಪುಸ್ತಕದಂಗಡಿ ಇಲ್ಲ, ಅಂಚೆ ವೆಚ್ಚ ಪುಸ್ತಕದ ಬೆಲೆಯನ್ನೇ ಮೀರಬಹುದು. ಬಿಡುಗಡೆಯಾದ ವಾರದಲ್ಲೇ ಪುಸ್ತಕ ಅವನನ್ನು ತಲುಪುವ ದಾರಿಯೆಂದರೆ ಫೋನು.

ಹಾಗಾದರೆ ಇ-ಇಂಕ್ ಯಾರಿಗೆ? ಇಂಗ್ಲಿಷ್ ಕಾದಂಬರಿ, ಚರಿತ್ರೆಯಂಥ ಉದ್ದನೆಯ ಗದ್ಯವನ್ನು ದಿನವೂ ಗಂಟೆಗಟ್ಟಲೆ ಓದುವವರಿಗೆ, ಹೊರಾಂಗಣದಲ್ಲಿ ಓದುವವರಿಗೆ, ಮಲಗಿ ಒಂದೇ ಕೈಯಲ್ಲಿ ಹಿಡಿದು ಓದುವವರಿಗೆ ಅದು ಉತ್ತಮ. ಆಂಡ್ರಾಯ್ಡ್ ನಡೆಸುವ ಇ-ಇಂಕ್ ಟ್ಯಾಬ್‌ಗಳೂ ಇವೆ, ಓನಿಕ್ಸ್ ಕಂಪನಿಯ ಬೂಕ್ಸ್ ಆ ಬಗೆಯದು. ಅದರಲ್ಲಿ ಫೋನಿನ ಕನ್ನಡ ಆ್ಯಪ್‌ಗಳನ್ನೇ ಹಾಕಿಕೊಳ್ಳಬಹುದು. ಬೆಲೆ ಹೆಚ್ಚು, ಆದರೆ ಕೊಳ್ಳಬಲ್ಲವರಿಗೆ ಎರಡೂ ಲೋಕ ಒಂದೇ ಕೈಯಲ್ಲಿ ಸಿಗುತ್ತವೆ. ಉಳಿದವರು ಈಗಾಗಲೇ ಕೈಯಲ್ಲಿರುವ ಫೋನಿನಲ್ಲಿ ನಿಶ್ಚಿಂತೆಯಿಂದ ಓದಲಿ. ಉಳಿಸಿದ ದುಡ್ಡಿನಲ್ಲಿ ನಲವತ್ತು ಐವತ್ತು ಕನ್ನಡ ಪುಸ್ತಕ ಕೊಳ್ಳಬಹುದು. ಸಾಧನ ಆರಿಸುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮುಂದಿನ ವರ್ಷ ನಾನು ಓದಬೇಕೆಂದಿರುವ ಪುಸ್ತಕಗಳು ಯಾವ ರೂಪದಲ್ಲಿ, ಎಲ್ಲಿ ಸಿಗುತ್ತವೆ? ಆ ಪಟ್ಟಿ ಬರೆದರೆ ಸಾಧನ ತಾನಾಗಿ ನಿಶ್ಚಯವಾಗುತ್ತದೆ.

ಇ-ಇಂಕೋ ಫೋನೋ ಎಂಬ ಜಗಳ ಒಂದು ದೊಡ್ಡ ಸಂಗತಿಯನ್ನು ಮರೆಮಾಡಿದೆ. ಕನ್ನಡದ ಮೂಲ ಕೊರತೆ ಸಾಧನದ್ದಲ್ಲ, ಪಠ್ಯದ್ದು. ಎಲ್ಲ ಸಾಧನಗಳೂ ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೂ ಇದೆ. ಆದರೂ ನಮ್ಮ ಪುಸ್ತಕಗಳ ಡಿಟಿಪಿ ದಶಕಗಳ ಕಾಲ ಪೇಜ್‌ಮೇಕರಿನಲ್ಲಿ, ನುಡಿ ಮತ್ತು ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ನಡೆಯಿತು. ಆ ಫೈಲುಗಳಿಂದ ಬರುವುದು ಪಿಡಿಎಫ್. ಪರದೆಗೆ ತಕ್ಕಂತೆ ಹರಿಯುವ ಇ-ಪಬ್ ಮಾಡಬೇಕಾದರೆ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿ, ಸಾಲು ಸಾಲು ಕರಡು ತಿದ್ದಬೇಕು. ಹರಿಯುವ ಪಠ್ಯ ಇದ್ದರೆ ಅದೇ ಪುಸ್ತಕ ಫೋನಿಗೂ ಇ-ಇಂಕ್‌ಗೂ ಹೊಂದುತ್ತದೆ, ದೃಷ್ಟಿ ಮಂದವಾದ ಅಜ್ಜಿಗೆ ದೊಡ್ಡ ಅಕ್ಷರದಲ್ಲಿ ತೆರೆದುಕೊಳ್ಳುತ್ತದೆ, ಅಂಧರಿಗೆ ಫೋನು ಓದಿ ಹೇಳುತ್ತದೆ.

ಕೊಂಡ ಪುಸ್ತಕಕ್ಕೆ ಕಂಪನಿಗಳು ಹಾಕುವ ಬೀಗದ ಪ್ರಶ್ನೆಯೂ ಇದೆ. 2009ರಲ್ಲಿ ಅಮೆಜಾನ್, ಜನ ದುಡ್ಡು ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ನ ‘1984’ ಪ್ರತಿಗಳನ್ನು ಹಕ್ಕಿನ ತಕರಾರಿನಿಂದಾಗಿ ಕಿಂಡಲ್‌ಗಳಿಂದ ದೂರದಲ್ಲಿದ್ದುಕೊಂಡೇ ಅಳಿಸಿಹಾಕಿತು. 2025ರ ಫೆಬ್ರವರಿಯಲ್ಲಿ, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಮೂಲಕ ಸಾಗಿಸುವ ಸೌಲಭ್ಯವನ್ನೂ ತೆಗೆಯಿತು. ಕನ್ನಡದ ಆ್ಯಪ್‌ಗಳಲ್ಲಿ ಕೊಂಡ ಪುಸ್ತಕವೂ ಸಾಮಾನ್ಯವಾಗಿ ಆ ಆ್ಯಪಿನೊಳಗೇ ಉಳಿಯುತ್ತದೆ. ಫೋನಿನ ಪರ ವಾದಿಸುವ ನಾನು ಇದನ್ನು ಮುಚ್ಚಿಡಲಾರೆ. ಆ್ಯಪ್ ನಿಂತ ದಿನ ಪುಸ್ತಕವೂ ಕೈತಪ್ಪಿದರೆ ಓದುಗರ ನಂಬಿಕೆ ಮತ್ತೆ ಬರುವುದಿಲ್ಲ.

ಆದ್ದರಿಂದ ನಾವು ಒತ್ತಾಯಿಸಬೇಕಾದದ್ದು ಪ್ರಕಾಶಕರನ್ನು, ಗ್ರಂಥಾಲಯ ಇಲಾಖೆಯನ್ನು. ಹೊಸ ಪುಸ್ತಕ ಬಿಡುಗಡೆಯಾದಾಗಲೆಲ್ಲ ‘ಇ-ಪಬ್ ಯಾವಾಗ?’ ಎಂದು ಪ್ರಕಾಶಕರನ್ನು ಕೇಳಬೇಕು, ಕೊಟ್ಟವರ ಪುಸ್ತಕವನ್ನು ದುಡ್ಡು ಕೊಟ್ಟೇ ಓದಬೇಕು. ಸಾರ್ವಜನಿಕ ಗ್ರಂಥಾಲಯ ಇಲಾಖೆ ಸಗಟು ಖರೀದಿಗೆ ಆರಿಸುವ ಪ್ರತಿ ಕನ್ನಡ ಪುಸ್ತಕದ ಜೊತೆ ಯೂನಿಕೋಡ್ ಪಠ್ಯದ ಪ್ರತಿಯನ್ನೂ, ಲೇಖಕರ ಹಕ್ಕಿಗೆ ಭಂಗ ಬಾರದಂತೆ, ಪಡೆದುಕೊಳ್ಳಬೇಕು. ಅದಕ್ಕೆ ಬೇರೆಯಾಗಿ ದುಡ್ಡು ಕೊಡಬೇಕು. ಹಕ್ಕುಸ್ವಾಮ್ಯ ಮುಗಿದ ಹಳೆಯ ಗ್ರಂಥಗಳ ಸ್ಕ್ಯಾನ್ ಪುಟಗಳನ್ನು ಪಠ್ಯವಾಗಿಸಿ ತಿದ್ದುವ ಕೆಲಸ ಕನ್ನಡ ವಿಕಿಸೋರ್ಸ್‌ನಲ್ಲಿ ಸ್ವಯಂಸೇವಕರಿಂದ ನಡೆದಿದೆ. ಕಾಲೇಜುಗಳ ಕನ್ನಡ ವಿಭಾಗಗಳು ಅದನ್ನು ತಮ್ಮ ವಿದ್ಯಾರ್ಥಿಗಳ ಕೆಲಸವಾಗಿ ಎತ್ತಿಕೊಂಡರೆ ಕೆಲವೇ ವರ್ಷಗಳಲ್ಲಿ ಒಂದು ಕಪಾಟು ತುಂಬುವಷ್ಟು ಪುಸ್ತಕಗಳು ಸಿದ್ಧವಾಗುತ್ತವೆ. ಇಷ್ಟಾದರೆ ಯಾವ ಪರದೆ ಒಳ್ಳೆಯದೆಂಬುದನ್ನು ಪ್ರತಿಯೊಬ್ಬರೂ ತಮ್ಮ ಕಣ್ಣು, ತಮ್ಮ ಜೇಬು ನೋಡಿಕೊಂಡು ತೀರ್ಮಾನಿಸಲಿ. ಅಲ್ಲಿಯವರೆಗೆ, ಫೋನಿನಲ್ಲಿ ಕನ್ನಡ ಓದುತ್ತಿರುವವರನ್ನು ಯಾರೂ ತಡೆಯದಿರಲಿ. ಕನ್ನಡದ ಇ-ಪುಸ್ತಕಕ್ಕೆ ಇಂದು ಒಂದು ಮಾರುಕಟ್ಟೆ ಇರುವುದು ಅವರಿಂದ.